ಹಡಗಿನ ಕೊನೆಯ ಸಾಲು

“ಇವನು ನನ್ನ ತಮ್ಮ ಅಲ್ಲಮ್ಮ, ನಾನು ಸಾಕ್ಕೊಂಡಿರೋ ನಾಯಿ. ಯಾರು ಹತ್ತಿರ ಬಂದ್ರೂ ಬೊಗಳುತ್ತೆ. ನೀನು ಮನಸ್ಸಿಗೆ ಹಚ್ಕೋಬೇಡ.”

ಅಕ್ಕ ಇದನ್ನು ಹೇಳಿದ್ದು ಪಾರ್ಕಿನ ಟಿಕೆಟ್ ಕಿಟಕಿಯ ಹುಡುಗಿಗೆ. ಕೇಳಿಸಿದ್ದು ಮಾತ್ರ ಎಲ್ಲರಿಗೆ. ಅಕ್ಕನ ಆಫೀಸಿನವರು ಅಷ್ಟೂ ಜನ ಅಲ್ಲೇ ನಿಂತಿದ್ದರು, ಅವರ ಹಿಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರ ಸಾಲು. ಮೊದಲು ನಕ್ಕವನು ಕನ್ನಡಕದವನು, ಆಫೀಸಿನಲ್ಲಿ ಅಕ್ಕನ ಪಕ್ಕದ ಸೀಟಿನಲ್ಲಿ ಕೂತು ಫೋನು ಎತ್ತುವವನು. ಆಮೇಲೆ ಅವರ ಮೇಡಂ ನಕ್ಕರು. ಆಮೇಲೆ ಹೆಗಲ ಮೇಲಿನ ಯಾವುದೋ ಮಗು, “ಅಪ್ಪಾ, ಎಲ್ಲಿ ನಾಯಿ?” ಎಂದು ಕತ್ತು ಉದ್ದ ಮಾಡಿ ಹುಡುಕಿ, ಅಲ್ಲಿಯವರೆಗೆ ನಗು ತಡೆದುಕೊಂಡಿದ್ದವರನ್ನೂ ನಗಿಸಿಬಿಟ್ಟಿತು.

ಕಿಡಿಯ ಕಿವಿಗಳು ಬಿಸಿಯಾದವು. ಕಿಡಿ ಎನ್ನುವುದು ವೆಲ್ಡಿಂಗ್ ಅಂಗಡಿಯವರು ಅವನಿಗಿಟ್ಟ ಹೆಸರು. ಕೆಲಸ ಮಾಡುವಾಗ ಹಾರುವುದಕ್ಕಿಂತ ಮಾಡದಿರುವಾಗಲೇ ಇವನಿಂದ ಹೆಚ್ಚು ಕಿಡಿ ಹಾರುತ್ತದೆ ಎಂದು ಮಾಲೀಕರು ಒಮ್ಮೆ ಅಂದದ್ದೇ ಹೆಸರಾಗಿ ಉಳಿದುಕೊಂಡಿತ್ತು. ತಪ್ಪೇನೋ ಅವನದೇ. ಕಿಟಕಿಯ ಕಟ್ಟೆ ಎಷ್ಟು ಎತ್ತರವಿತ್ತೆಂದರೆ ಗಾಲಿಕುರ್ಚಿಯಲ್ಲಿ ಕೂತ ಅಕ್ಕನ ಬೈತಲೆಯಷ್ಟೇ ಒಳಗಿನವರಿಗೆ ಕಾಣುತ್ತಿತ್ತು. ಹುಡುಗಿ ಎದ್ದು ನಿಂತು, ಬಗ್ಗಿ ಅಕ್ಕನನ್ನು ನೋಡಿ, ಆಮೇಲೆ ಅವನ ಕಡೆ ತಿರುಗಿ, “ಇವರಿಗೆ ಅರ್ಧ ಟಿಕೆಟ್ ಅಲ್ವಾ ಸರ್?” ಎಂದು ಕೇಳಿದ್ದಳು. ಅವನಿಗೆ ಅಷ್ಟೇ ಸಾಕಾಗಿತ್ತು. “ಯಾಕಮ್ಮ, ಅರ್ಧ ಮನುಷ್ಯಳ ಥರ ಕಾಣ್ತಾಳಾ? ಸೊಂಟದಿಂದ ಮೇಲಕ್ಕೆ ಮಾತ್ರ ಲೆಕ್ಕಕ್ಕೆ ತಗೋತೀರಾ ಇಲ್ಲಿ?” ಹುಡುಗಿ ಬೆರಳೆತ್ತಿ ಕಿಟಕಿಯ ಪಕ್ಕದ ಹಲಗೆ ತೋರಿಸಿದಳು. ಗಾಲಿಕುರ್ಚಿಯ ಚಿತ್ರ, ಅದರ ಮುಂದೆ ಅರ್ಧ ದರ ಎಂಬ ಬರಹ. ಅದಕ್ಕಿಂತ ದೊಡ್ಡ ಅಕ್ಷರ ಬರೆಯಲು ಆ ಹಲಗೆಯಲ್ಲಿ ಜಾಗವಿರಲಿಲ್ಲ. ಅವಳ ಕಣ್ಣಿಗೆ ನೀರು ಬರುವುದರಲ್ಲಿತ್ತು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಾರದು, ಸಮವಸ್ತ್ರದ ತೋಳಿನ ಮೇಲೆ ಹೊಸ ಬಟ್ಟೆಯ ಮಡಿಕೆ ಇನ್ನೂ ಹಾಗೇ ಇತ್ತು. ಆಗಲೇ ಅಕ್ಕ ಕಟ್ಟೆಯ ಕೆಳಗಿನಿಂದ, ತನ್ನ ಮುಖ ಆ ಹುಡುಗಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ನಾಯಿಯ ಮಾತು ಹೇಳಿದ್ದು. ಹೇಳಿ ಮುಗಿಸಿ, ಕೈ ಮೇಲೆತ್ತಿ ಟಿಕೆಟ್ಟುಗಳನ್ನು ತಾನೇ ಈಸಿಕೊಂಡಳು.

ಅವನು ಕುರ್ಚಿ ತಳ್ಳಿಕೊಂಡು ಒಳಗೆ ಬಂದ. ಒಳಗೆ ಕಲ್ಲು ಹಾಸಿದ ಅಗಲ ದಾರಿ, ಎರಡೂ ಕಡೆ ಬಣ್ಣದ ಕಂಬಗಳು, ಎಲ್ಲ ಕಂಬಗಳಿಂದಲೂ ಒಂದೇ ಹಾಡು. ನಾಯಿ ಎಂಬ ಶಬ್ದವನ್ನು ಅವನು ಬಾಯಿಯೊಳಗೆ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿದ. ಇದಕ್ಕಿಂತ ಕೆಟ್ಟದ್ದನ್ನು ದಿನಾ ಕೇಳುವವನು ಅವನು. ಗೇಟು ಒಂದು ಬೆರಳು ಸೊಟ್ಟವಾದರೆ ಗಿರಾಕಿಗಳು ಹುಟ್ಟಿದ ಮನೆಯನ್ನೇ ಎಳೆದು ತರುತ್ತಾರೆ, ಅವನೂ ಅವರ ಮನೆಯನ್ನು ಎಳೆದು ತರುತ್ತಾನೆ, ಅಲ್ಲಿಗೆ ಸಮ. ಆದರೆ ಅಕ್ಕನ ಬಾಯಿಂದ ಅಂಥ ಮಾತು ಬಂದದ್ದೇ ಇಲ್ಲ. ನೀರು ಸರಬರಾಜಿನ ಆಫೀಸಿನಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತು ಅವಳು ಬೆಳಗಿನಿಂದ ಸಂಜೆವರೆಗೆ ಊರಿನವರ ಬೈಗುಳ ನುಂಗುತ್ತಾಳೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಅವಳನ್ನು ಬೈಯುತ್ತಾರೆ, ಬಂದ ನೀರು ಮಣ್ಣಿನ ಬಣ್ಣವಿದ್ದರೆ ಅವಳನ್ನು ಬೈಯುತ್ತಾರೆ. ಅವಳು ಮಾತ್ರ “ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತೆ ಸರ್” ಎನ್ನುತ್ತಾಳಂತೆ. ಮನೆಯಲ್ಲೂ ಅಷ್ಟೇ. ಅವನು ಅಂಗಡಿಯಿಂದ ಹೊಗೆಯಾಡುತ್ತ ಬಂದು ಚಪ್ಪಲಿ ಎಸೆದರೆ, ಒಳಗಿನಿಂದ ಅದೇ ರಾಗದಲ್ಲಿ, “ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತೆ ಸರ್, ದಯವಿಟ್ಟು ಚಪ್ಪಲಿ ಜೋಡಿಸಿಡಿ” ಎಂದು ಬರುತ್ತದೆ. ಅಮ್ಮ ಲಾಂಡ್ರಿಯಿಂದ ತಂದ ಇಸ್ತ್ರಿ ಬಟ್ಟೆಗಳ ಗಂಟಿಗೆ ಒರಗಿಕೊಂಡು ನಗುತ್ತಾಳೆ. ಅವನೂ ನಗುತ್ತಾನೆ. ಹಾಗಿದ್ದವಳು ಇವತ್ತು ಎಲ್ಲರೆದುರಿಗೆ.

“ಕೋಪ ಬಂತಾ?” ಅಕ್ಕ ಕೇಳಿದಳು.

“ಇಲ್ಲ.”

“ಗಾಡಿ ಹೇಳ್ತಿದೆ. ಕೋಪ ಬಂದಾಗ ಎಡಗಡೆಗೆ ಎಳೀತೀಯ. ಈಗ ಸ್ವಲ್ಪ ಹೊತ್ತಿನಲ್ಲಿ ಆ ಬೇಲಿಗೆ ಹೋಗಿ ಗುದ್ದುತ್ತೆ ನೋಡು.”

ಅವನು ನೋಡಿದ. ನಿಜವಾಗಿಯೂ ಬೇಲಿಯ ಕಡೆಗೇ ಹೋಗುತ್ತಿತ್ತು. ಬಲಗೈ ಒತ್ತಿ ನೇರ ಮಾಡಿದ. ಅವನ ಮುಖ ಅವಳಿಗೆ ಕಾಣುವುದಿಲ್ಲ, ಅವಳ ಬೈತಲೆಯ ಗೆರೆ ಬಿಟ್ಟರೆ ಅವನಿಗೆ ಬೇರೇನೂ ಕಾಣುವುದಿಲ್ಲ. ಇಬ್ಬರೂ ಜೀವನದಲ್ಲಿ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಹೀಗೆ, ಒಬ್ಬರ ಹಿಂದೆ ಒಬ್ಬರು ನಿಂತು ಆಡಿದ್ದು. ಆ ಗೆರೆಯ ಪಕ್ಕದಲ್ಲಿ ಈಚೆಗೆ ಎರಡು ಮೂರು ಬಿಳಿ ಕೂದಲು ಬಂದಿವೆ. ಅದು ಅಮ್ಮನಿಗೆ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ, ಅವನಿಗೊಬ್ಬನಿಗೇ ಗೊತ್ತು. ಅವನು ಹೇಳಿಲ್ಲ. ಹೇಳಿದರೆ ಅವಳಿಗೆ ವಯಸ್ಸಾಗುತ್ತದೆ ಎಂದು ಅವನಿಗೆ ಅನ್ನಿಸಿತ್ತು.

ನಿನ್ನೆ ಸಂಜೆ ಅವಳು ತಲೆ ಬಾಚಿಕೊಳ್ಳುತ್ತ, “ನಾಳೆ ನಿನ್ನ ಬಾಯಿಗೆ ಬೀಗ” ಎಂದಿದ್ದಳು. “ಆಯ್ತು” ಎಂದಿದ್ದ. “ಆಯ್ತು ಅಂದ್ರೆ ಸಾಲದು. ಸಿನಿಮಾ ನೆನಪಿದೆಯಾ?” ನೆನಪಿರದೆ ಏನು. ಥಿಯೇಟರಿನಲ್ಲಿ ಟಾರ್ಚು ಹಿಡಿದವನು ಕುರ್ಚಿ ಹೊರಗಿಡಿ ಎಂದ, ಕಿಡಿ ನಿನ್ನ ಕಾಲು ಹೊರಗಿಟ್ಟು ಬಾ ಎಂದ, ಮಾತಿಗೆ ಮಾತು ಬೆಳೆದು ಟಾರ್ಚು ಒಡೆಯಿತು, ಸಿನಿಮಾದ ಹೆಸರು ಪರದೆಯ ಮೇಲೆ ಬರುವ ಮೊದಲೇ ಇಬ್ಬರನ್ನೂ ಬೀದಿಗೆ ಬಿಟ್ಟರು. ಆ ಸಿನಿಮಾದ ಕಥೆಯನ್ನು ಅಕ್ಕ ಆಮೇಲೆ ಆಫೀಸಿನವರ ಬಾಯಿಂದ ತುಂಡುತುಂಡಾಗಿ ಕೇಳಿ ಜೋಡಿಸಿಕೊಂಡಳು. ಈಗಲೂ ಕೊನೆಯಲ್ಲಿ ನಾಯಕಿ ಅತ್ತಳೋ ನಕ್ಕಳೋ ಎಂಬುದರಲ್ಲಿ ಇಬ್ಬರು ಎರಡು ಥರ ಹೇಳುತ್ತಾರಂತೆ. ಬ್ಯಾಂಕಿನ ಲಿಫ್ಟಿನಲ್ಲಿ ಹೀಗೇ ಆಯಿತು, ಬಟ್ಟೆಯಂಗಡಿಯಲ್ಲಿ ಹೀಗೇ ಆಯಿತು. “ಈ ಸಲ ಪಾರ್ಕಿನ ಉಯ್ಯಾಲೆ ಹಡಗು ಕಣೋ,” ಎಂದಿದ್ದಳು ಅಕ್ಕ. “ಹಡಗಿನ ಕೊನೆಯ ಸಾಲು. ಕನ್ನಡಕ ಹೇಳ್ತಾನೆ, ಅದು ಮೇಲಕ್ಕೆ ಹೋಗಿ ಒಂದು ಕ್ಷಣ ನಿಲ್ಲುತ್ತಂತೆ. ಆಮೇಲೆ ನಾವು ಕೆಳಗೆ ಬರ್ತೀವಿ, ಹೊಟ್ಟೆ ಮೇಲೇ ಉಳ್ಕೊಳುತ್ತಂತೆ. ಅಲ್ಲಿ ಎಲ್ಲರ ಕಾಲೂ ಕೆಲಸಕ್ಕೆ ಬಾರದ ಕಾಲೇ, ಯೋಚನೆ ಮಾಡು. ಎಲ್ಲರೂ ಸುಮ್ಮನೆ ನೇತಾಡಿಸ್ಕೊಂಡು ಕೂತಿರ್ತಾರೆ. ಇದನ್ನೂ ಬೇರೆಯವರ ಬಾಯಿಂದ ಕೇಳೋ ಕಥೆ ಮಾಡ್ಬೇಡ.”

ಬಾಯಿಗೆ ಬೀಗ ಎಂದು ಒಪ್ಪಿಕೊಂಡವನು ಗೇಟು ದಾಟುವ ಮೊದಲೇ ಬೀಗ ಮುರಿದಿದ್ದ.

ಎದುರಿನಿಂದ ಒಬ್ಬ ಹೆಂಗಸು ಬಂದಳು. ಒಳ್ಳೆಯವಳೇ, ಕೈಯಲ್ಲಿ ಮೊಮ್ಮಗಳ ಬಲೂನು, ಮುಖದಲ್ಲಿ ಕರುಣೆ. ನಿಂತಳು, ಅಕ್ಕನ ತಲೆ ಸವರಿದಳು, ಆಮೇಲೆ ಮುಖ ಮೇಲೆತ್ತಿ ಕಿಡಿಯನ್ನು ಕೇಳಿದಳು. “ಪಾಪ, ಹುಟ್ಟಿದಾಗಿಂದ ಹೀಗೇನಾ?” ಅವನ ಬೆರಳುಗಳು ಹಿಡಿಯ ರಬ್ಬರಿನಲ್ಲಿ ಹೂತುಹೋದವು. ಹೇಳಬೇಕಾದ ಮಾತುಗಳು ಗಂಟಲಿನಲ್ಲಿ ಸಾಲುಗಟ್ಟಿ ನಿಂತವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು.

“ಇಲ್ಲಮ್ಮ,” ಎಂದಳು ಅಕ್ಕ, “ಬೆಳಿಗ್ಗೆಯಿಂದ.”

ಹೆಂಗಸು ಅಕ್ಕನನ್ನು ನೋಡಿದಳು, ಬಲೂನನ್ನು ನೋಡಿದಳು, “ಹೌದಾ, ಹುಷಾರು” ಎಂದು ಹೇಳಿ ಹೋದಳು. ಕಿಡಿಗೆ ನಗು ತಡೆಯಲಾಗಲಿಲ್ಲ. ನಗಬಾರದು, ಇನ್ನೂ ಕೋಪದಲ್ಲಿರಬೇಕು ಎಂದು ಎಷ್ಟು ಪ್ರಯತ್ನಪಟ್ಟರೂ ನಗು ಮೂಗಿನಿಂದ ಬಂತು. ಅಕ್ಕನ ಭುಜಗಳೂ ಕುಲುಕುತ್ತಿದ್ದವು. “ನೇರ ಹೋಗ್ತಿದೆ ಈಗ ಗಾಡಿ” ಎಂದಳು.

ಆಫೀಸಿನವರು ಮೊದಲು ನೀರಿನ ಜಾರುಬಂಡಿಗೆ ಹೋಗುವುದು, ಆಮೇಲೆ ಎಲ್ಲರೂ ಸೇರಿ ಹಡಗು ಎಂದು ತೀರ್ಮಾನವಾಯಿತು. ಮೇಡಂ ತಮ್ಮ ಕೈಚೀಲವನ್ನು ಅಕ್ಕನ ಮಡಿಲಿಗೆ ಹಾಕಿದರು, ಕನ್ನಡಕದವನು ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟ. ಕನ್ನಡಕವಿಲ್ಲದ ಅವನ ಮುಖ ಸಿಪ್ಪೆ ಸುಲಿದ ಹಾಗೆ ಕಂಡಿತು. ಕಿಡಿ ಬಿಸಿಲಿನಿಂದ ಕುರ್ಚಿಯನ್ನು ಪಕ್ಕಕ್ಕೆ ತಂದ. ಅಲ್ಲೊಂದು ಮರ, ಮರದ ಕೆಳಗೆ ನೀರಿನ ಪಂಪಿನ ಮನೆ, ಅದರ ಗೋಡೆಯ ಮೇಲೆಲ್ಲ ಮೀನುಗಳ ಚಿತ್ರ. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಒಯ್ದು, ಸರಿಯಾಗಿ ನಿಲ್ಲಿಸಿ, ಎರಡೂ ಬ್ರೇಕು ಒತ್ತಿದ. ಇದನ್ನು ಮಾಡುವಾಗ ಅವನು ಏನನ್ನೂ ಯೋಚಿಸುವುದಿಲ್ಲ. ಬಾಗಿಲಿಗೆ ಹಿಂಜು ಕೂರಿಸುವಾಗ ಕೈ ತಾನೇ ಮಾಡುವ ಹಾಗೆ ಇದೂ ಆಗುತ್ತದೆ. “ಐಸ್‌ಕ್ರೀಮ್ ತರ್ತೀನಿ.” “ಕಡ್ಡಿದು ಬೇಡ, ಸೀರೆ ಮೇಲೆ ಬೀಳುತ್ತೆ. ಕಪ್ಪಿನದ್ದು ತಾ.”

ಐಸ್‌ಕ್ರೀಮಿನ ಗಾಡಿಯ ಮುಂದೆ ಉದ್ದ ಸಾಲು. ಸಾಲಿನಲ್ಲಿ ನಿಂತಾಗಲೇ ಅವನಿಗೆ ಕೆಟ್ಟ ಯೋಚನೆಗಳು ಬರುವುದು. ಅವನು ಶಾಲೆ ಬಿಟ್ಟದ್ದು ಅಕ್ಕನಿಗಾಗಿ ಎಂದು ಬೀದಿಯವರೆಲ್ಲ ನಂಬಿದ್ದಾರೆ. ಮೇಷ್ಟ್ರು ಅಕ್ಕನ ನಡಿಗೆಯ ಬಗ್ಗೆ ಏನೋ ಅಂದರು, ಆಗ ಅವಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು, ಇವನು ಡಸ್ಟರು ಬೀಸಿ ಒಗೆದು ಹೊರಗೆ ಬಂದ, ಮತ್ತೆ ಒಳಗೆ ಹೋಗಲಿಲ್ಲ. ನಿಜ, ಡಸ್ಟರು ಒಗೆದದ್ದು ನಿಜ. ಆದರೆ ಆ ದಿನ ಲೆಕ್ಕದ ಪರೀಕ್ಷೆ ಇತ್ತು, ಅವನಿಗೆ ಒಂದೂ ಬರುತ್ತಿರಲಿಲ್ಲ; ಮೇಷ್ಟ್ರು ಆ ಮಾತು ಆಡಿದಾಗ ಕೋಪದ ಜೊತೆಯಲ್ಲೇ ಇನ್ನೊಂದು ಏನೋ, ಬಾಗಿಲು ತೆರೆದುಕೊಂಡ ಹಾಗೆ, ತಣ್ಣಗೆ ಒಳಗೆ ಬಂದಿತ್ತು. ಅದನ್ನು ಅವನು ಯಾರಿಗೂ ಹೇಳಿಲ್ಲ. ಅಕ್ಕನ ಹೆಸರಿನಲ್ಲಿ ಇಲ್ಲಿಯವರೆಗೆ ಬೈದ ಬೈಗುಳಗಳನ್ನೆಲ್ಲ ಸುರಿದು ಬೇರೆ ಮಾಡಿದರೆ ಎಷ್ಟು ಅಕ್ಕನವು, ಎಷ್ಟು ಅವನವು? ಗೇಟಿನ ಹುಡುಗಿಗೆ ಅಂದದ್ದು ಯಾರಿಗಾಗಿ? ಮಾಲೀಕರ ಮೇಲೆ ಬಂದ ಕೋಪ ಮಾಲೀಕರಿಗೆ ಹೇಳಲಾಗುವುದಿಲ್ಲ, ಮನೆ ಬಾಡಿಗೆಗೆ ಕೊಟ್ಟವರ ಮೇಲಿನದ್ದು ಅವರಿಗೆ ಹೇಳಲಾಗುವುದಿಲ್ಲ; ಅಕ್ಕನ ಕುರ್ಚಿಯ ಹಿಂದೆ ನಿಂತರೆ ಮಾತ್ರ ಯಾರಿಗೆ ಬೇಕಾದರೂ ಏನು ಬೇಕಾದರೂ ಹೇಳಬಹುದು, ಯಾರೂ ತಿರುಗಿ ಹೇಳುವುದಿಲ್ಲ. ಒಳ್ಳೆಯ ಮರೆ ಅದು. “ಯಾವುದು ಬೇಕಪ್ಪ, ಬೇಗ ಹೇಳು, ಹಿಂದೆ ಜನ ಇದಾರೆ” ಎಂದ ಗಾಡಿಯವನು. ಕಿಡಿ ಅವನ ಮೇಲೂ ಹಾರುವುದರಲ್ಲಿದ್ದ. ಕಪ್ಪು ಎರಡು ಎಂದ.

ಮರದ ಕೆಳಗೆ ಅಕ್ಕ ಇರಲಿಲ್ಲ. ಕುರ್ಚಿಯೂ ಇರಲಿಲ್ಲ. ಗೋಡೆಯ ಮೀನುಗಳು ಬಾಯಿ ತೆರೆದುಕೊಂಡಿದ್ದವು. ಅವನು ಪಂಪಿನ ಮನೆಯ ಹಿಂದೆ ನೋಡಿದ, ಮರದ ಆ ಕಡೆ ನೋಡಿದ, ಕುರ್ಚಿಯಲ್ಲಿ ಕೂತವಳು ಮರ ಹತ್ತಿರಬಹುದೇನೋ ಎನ್ನುವ ಹಾಗೆ ಮೇಲಕ್ಕೂ ನೋಡಿದ. ಯಾರೋ ತಳ್ಳಿಕೊಂಡು ಹೋಗಿದ್ದಾರೆ. ಪೋಕರಿಗಳು ಆಟಕ್ಕೆಂದು ತಳ್ಳಿ ಇಳಿಜಾರಿನಲ್ಲಿ ಬಿಟ್ಟಿದ್ದಾರೆ. ಕೆಳಗೆ ಕೊಳವಿದೆ. ಅಮ್ಮನ ಮುಖ ಕಣ್ಣೆದುರು ಬಂತು, ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಬಾಗಿಲ ಕಡೆ ನೋಡುವ ಮುಖ. ಕಪ್ಪುಗಳು ಕೈಯಲ್ಲಿ ಕರಗಿ ಮೊಣಕೈಯವರೆಗೆ ಇಳಿಯುತ್ತಿದ್ದವು, ಎಸೆಯಬೇಕೆಂದೂ ಹೊಳೆಯಲಿಲ್ಲ. ಎಲೆ ಗುಡಿಸುತ್ತಿದ್ದ ಮುದುಕನನ್ನು ನಿಲ್ಲಿಸಿ, “ಇಲ್ಲಿ ಗಾಲಿಕುರ್ಚಿಯಲ್ಲಿ ನಮ್ಮಕ್ಕ ಇದ್ಲು, ಯಾರು ಕರ್ಕೊಂಡು ಹೋದ್ರು?” ಎಂದ. ದನಿ ಅಳುವ ದನಿಯಾಗಿತ್ತು.

“ಯಾರೂ ಇಲ್ಲಪ್ಪ,” ಎಂದ ಮುದುಕ. “ಅವರೇ ಹೋದ್ರು. ಕೈಯಲ್ಲೇ ಉರುಳಿಸ್ಕೊಂಡು, ಸರಸರ ಅಂತ. ಹಡಗಿನ ಕಡೆಗೆ.”

ಹಡಗಿನ ಬೇಲಿಯ ಹತ್ತಿರ ಅಕ್ಕ ಕೂತಿದ್ದಳು. ಅವನು ದೂರದಿಂದಲೇ ಕಂಡು, ಓಡುವುದನ್ನು ನಿಲ್ಲಿಸಿದ. ಹಡಗು ಮೇಲಕ್ಕೆ ಹೋಗುತ್ತಿತ್ತು, ಅಕ್ಕನ ಗಲ್ಲವೂ ಜೊತೆಗೆ ಮೇಲಕ್ಕೆ ಹೋಗುತ್ತಿತ್ತು. ಹಡಗು ಇಳಿದಾಗ ಅವಳ ಬಾಯಿ ತೆರೆದುಕೊಳ್ಳುತ್ತಿತ್ತು. ಕೊನೆಯ ಸಾಲಿನವರು ಕಿರುಚಿದಾಗ ಅವಳೂ ಸಣ್ಣಗೆ ಕಿರುಚುತ್ತಿದ್ದಳು. ಅವಳ ಮುಖವನ್ನು ಹೀಗೆ ಎದುರಿನಿಂದ, ಅವಳಿಗೆ ಗೊತ್ತಿಲ್ಲದೆ, ಇಷ್ಟು ಹೊತ್ತು ನೋಡಿದ್ದು ಅವನಿಗೆ ನೆನಪಿರಲಿಲ್ಲ. ಯಾರೋ ಬೇರೆ ಹೆಂಗಸನ್ನು ನೋಡಿದ ಹಾಗಿತ್ತು. ಅವಳ ಅಂಗೈ ಎರಡೂ ಕಪ್ಪಗಾಗಿದ್ದವು. ಗಾಲಿಯ ಹೊರಗೆ ಕೈಯಿಂದ ತಿರುಗಿಸಲೆಂದು ಇದ್ದ ಕಬ್ಬಿಣದ ಬಳೆಗಳನ್ನು ಅವನೇ ಕೊಯ್ದು ತೆಗೆದಿದ್ದ. ಬಚ್ಚಲಿನ ಬಾಗಿಲಿಗೆ ಕುರ್ಚಿ ತಾಗುತ್ತದೆ ಎಂದು, ಬಾಗಿಲು ಅಗಲ ಮಾಡಲು ಮನೆ ಬಾಡಿಗೆಗೆ ಕೊಟ್ಟವರು ಒಪ್ಪಲಿಲ್ಲ ಎಂದು. ಆಗ ಅವನಿಗೆ ತನ್ನ ಕೆಲಸದ ಬಗ್ಗೆ ಎಷ್ಟು ಹೆಮ್ಮೆಯಾಗಿತ್ತು, ಕೊಯ್ದ ಗುರುತೂ ಉಳಿಯದ ಹಾಗೆ ಉಜ್ಜಿದ್ದ. ಈಗ ಅವಳು ಟೈರನ್ನೇ ಹಿಡಿದು ತಿರುಗಿಸಿಕೊಂಡು ಬಂದಿದ್ದಾಳೆ, ಪಾರ್ಕಿನ ದಾರಿಯ ಧೂಳೆಲ್ಲ ಅಂಗೈಯಲ್ಲಿದೆ.

“ಜೀವ ಹೋಗಿತ್ತಲ್ಲ ನಂದು!” ಎಂದ ಅವನು. “ಹೇಳಿ ಹೋಗಬಾರದಾ?”

“ಯಾರಿಗೆ ಹೇಳಲಿ, ಮೀನಿಗಾ?” ಅಕ್ಕ ತಿರುಗಿ ನೋಡಿದಳು. “ಅಯ್ಯೋ, ಇದೇನು ಕೈಯೆಲ್ಲ ಐಸ್‌ಕ್ರೀಮು. ಬಾ ಇಲ್ಲಿ.” ಮಡಿಲಲ್ಲಿದ್ದ ಮೇಡಂ ಅವರ ಕೈಚೀಲದಿಂದ ಕರವಸ್ತ್ರ ಹುಡುಕಿ ತೆಗೆದು ಅವನ ಮೊಣಕೈ ಒರೆಸತೊಡಗಿದಳು, ತನ್ನ ಕೈ ಕಪ್ಪಗಿದ್ದದ್ದರಿಂದ ಒರೆಸಿದಷ್ಟೂ ಅವನು ಹೆಚ್ಚು ಹೊಲಸಾದ. ಇಬ್ಬರೂ ಅದನ್ನು ನೋಡಿದರು, ಯಾರೂ ನಿಲ್ಲಿಸಲಿಲ್ಲ.

“ಆ ಮೀನಿಗೆ ರೆಪ್ಪೆ ಬರೆದಿದಾನೆ ಕಣೋ, ಪುಣ್ಯಾತ್ಮ,” ಎಂದಳು. “ರೆಪ್ಪೆ ಲೆಕ್ಕ ಮಾಡ್ತಾ ಕೂತಿದ್ದೆ. ಹಿಂದುಗಡೆ ಜನ ಕಿರುಚ್ತಿದಾರೆ, ನಗ್ತಿದಾರೆ, ಏನೋ ದೊಡ್ಡದು ಗುಂಯ್ ಅಂತ ತಿರುಗ್ತಿದೆ, ನನ್ನೆದುರಿಗೆ ಮಾತ್ರ ರೆಪ್ಪೆ ಇರೋ ಮೀನು. ಯಾಕೋ ನೀನು ಯಾವಾಗ್ಲೂ ನನ್ನನ್ನ ಗೋಡೆ ಕಡೆಗೇ ಮುಖ ಮಾಡಿ ನಿಲ್ಲಿಸ್ತೀಯ?”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಯಾವಾಗಲೂ? ಆಸ್ಪತ್ರೆಯ ಪಡಸಾಲೆ ಕಣ್ಣ ಮುಂದೆ ಬಂತು, ಚೀಟಿ ಬರೆಸಲು ಹೋಗುವ ಮೊದಲು ಕುರ್ಚಿ ನಿಲ್ಲಿಸಿದ ಮೂಲೆ. ಬಸ್ ನಿಲ್ದಾಣದ ಕಂಬ. ಬ್ಯಾಂಕು. ಲಾಂಡ್ರಿಯ ಹಿಂಬಾಗಿಲು. ಪ್ರತಿ ಸಲವೂ ಅವನ ಕೈ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, ಜನರ ಕಡೆಗೆ ಬೆನ್ನು, ಗೋಡೆಯ ಕಡೆಗೆ ಮುಖ ಮಾಡಿ, ಬ್ರೇಕು ಒತ್ತಿತ್ತು.

“ಆಸ್ಪತ್ರೆ ಗೋಡೆ ಮೇಲೆ ಕೈ ತೊಳೆಯೋದು ಹೇಗೆ ಅಂತ ಚಿತ್ರ ಹಾಕಿದಾರಲ್ಲ,” ಅಕ್ಕ ಹೇಳುತ್ತಿದ್ದಳು, “ಡಾಕ್ಟ್ರಿಗಿಂತ ನನಗೆ ಚೆನ್ನಾಗಿ ಬರುತ್ತೆ ಅದು. ಮೇಡಂ ಮಗಳ ಮದುವೆ ಇತ್ತಲ್ಲ, ಆ ಮದುವೇನ ನಾನು ಸ್ಟೀಲಿನ ನೀರಿನ ಡ್ರಮ್ಮಿನಲ್ಲಿ ನೋಡಿದ್ದು. ಮದುಮಗಳು ಕಂಬದ ಹಾಗೆ ಉದ್ದ ಕಾಣ್ತಿದ್ಲು, ಗಂಡು ಕುಂಬಳಕಾಯಿ ಥರ. ಆಮೇಲೆ ಆಫೀಸಿನಲ್ಲಿ ಎಲ್ಲರೂ ಜೋಡಿ ಚೆನ್ನಾಗಿತ್ತು ಅಂದ್ರು, ನನಗೆ ನಗು.”

“ಜನ ನೋಡ್ತಾರೆ ಅಂತ,” ಅವನು ಹೇಳಿದ. “ನಾನು ಆ ಕಡೆ ಹೋದ್ರೆ ಜನ ಬಂದು ನಿನ್ನ ಮುಖಾನೇ ನೋಡ್ತಾ ನಿಲ್ತಾರೆ ಅಂತ. ಅವರಿಗೆ ನಿನ್ನ ಮುಖ ಯಾಕೆ ತೋರಿಸ್ಬೇಕು ಅಂತ.”

ಅಕ್ಕ ಒರೆಸುವುದನ್ನು ನಿಲ್ಲಿಸಿದಳು. “ಹಾಗಾ?”

“ಮತ್ತೆ ಹೇಗೆ ಅಂದ್ಕೊಂಡಿದ್ದೆ?”

“ನಿನಗೆ ನಾಚಿಕೆ ಅಂದ್ಕೊಂಡಿದ್ದೆ.” ಅವಳು ಸುಲಭವಾಗಿ ಹೇಳಿದಳು, ಹವಾಮಾನದ ವಿಷಯ ಹೇಳಿದ ಹಾಗೆ. “ಇರ್ಲಿ, ತಳ್ಳೋನು ಅವನು. ನಾಚಿಕೆ ಪಡೋ ಹಕ್ಕಾದ್ರೂ ಬೇಡ್ವಾ ಅವನಿಗೆ ಅಂತ ಸುಮ್ಮನಿದ್ದೆ.”

ಹಡಗು ಮತ್ತೆ ಮೇಲಕ್ಕೆ ಹೋಗಿ ನಿಂತಿತು. ಅದರ ಜೊತೆಗೆ ಅವನೊಳಗಿನದ್ದೆಲ್ಲ ಮೇಲಕ್ಕೆ ಹೋಗಿ ಅಲ್ಲೇ ನಿಂತ ಹಾಗಾಯಿತು. ಇಷ್ಟು ವರ್ಷ. ಇವನು ನನ್ನ ಬಗ್ಗೆ ನಾಚುತ್ತಾನೆ ಎಂದುಕೊಂಡೇ ಅವಳು ದಿನಾ ಬೆಳಿಗ್ಗೆ ಅವನ ಕೈಗೆ ಚಹಾ ಕೊಟ್ಟಿದ್ದಳು, ಅವನ ಅಂಗಿಯ ಗುಂಡಿ ಹೊಲಿದಿದ್ದಳು, ವೆಲ್ಡಿಂಗ್ ಬೆಳಕಿಗೆ ಕೆಂಪಾದ ಅವನ ಕಣ್ಣಿಗೆ ಹನಿ ಹಾಕಿದ್ದಳು, ನಿಮ್ಮ ತೊಂದರೆ ಅರ್ಥವಾಗುತ್ತೆ ಸರ್ ಎಂದಿದ್ದಳು. ಅಲ್ಲ ಅಕ್ಕ, ಎಂದು ಕೂಗಬೇಕೆನ್ನಿಸಿತು, ನಾಚಿಕೆ ಎಂದೂ ಅಲ್ಲ. ಕೂಗುವ ಮೊದಲೇ ಒಂದು ಸಂಜೆ ಅಡ್ಡ ಬಂದು ನಿಂತಿತು. ಅಂಗಡಿಯ ಜೊತೆಗಾರರು ಸೈಕಲ್ಲಿನ ಮೇಲೆ ಎದುರಿನಿಂದ ಬರುತ್ತಿದ್ದ ಸಂಜೆ. ಅವರು ಕೈ ಬೀಸುವ ಮೊದಲೇ ಅವನು ಕುರ್ಚಿಯನ್ನು ಔಷಧಿ ಅಂಗಡಿಯ ಗಾಜಿನ ಕಡೆಗೆ ತಿರುಗಿಸಿದ್ದ, ಯಾವತ್ತಿಗಿಂತ ಬೇಗ ತಿರುಗಿಸಿದ್ದ. ಆ ಬೇಗ ಯಾವುದರದ್ದು? ಆ ಸಂಜೆಯ ಮುಂದೆ ಅವನು ಎಂದೂ ಹೀಗೆ ನಿಂತು ನೋಡಿರಲಿಲ್ಲ.

“ಒಂದು ಸಲ ಇರಬಹುದು,” ಎಂದ, ಕಷ್ಟಪಟ್ಟು. “ಒಂದೇ ಒಂದು ಸಲ.”

“ಒಂದು ಸಲವಾ?” ಅಕ್ಕ ಅವನನ್ನು ಕಣ್ಣರಳಿಸಿ ನೋಡಿ ನಕ್ಕುಬಿಟ್ಟಳು. “ನನಗೇ ನನ್ನ ಬಗ್ಗೆ ವಾರಕ್ಕೆ ಎರಡು ಸಲ ಆಗುತ್ತೆ, ನಿನಗೆ ಒಂದೇ ಸಲವಾ? ಹುಚ್ಚಪ್ಪ.”

“ನೀನೇ ಬ್ರೇಕು ತೆಗೆದು ತಿರುಗಬಹುದಿತ್ತಲ್ಲ, ಇಷ್ಟು ದಿನ?”

“ತಿರುಗಬಹುದಿತ್ತು. ನೀನು ವಾಪಸ್ ಬಂದಾಗ ನಿಲ್ಲಿಸಿದ ಹಾಗೇ ಇಲ್ಲದಿದ್ರೆ ನಿನಗೆ ನೋವಾಗುತ್ತೆ ಅಂತ ಬಿಟ್ಟೆ. ಇವತ್ತು ಹೇಗೂ ನಾಯಿ ಅಂದಾಗಿತ್ತಲ್ಲ. ಇನ್ನೇನು ಉಳೀತು ಅಂತ ತಿರುಗಿದೆ.” ಕರವಸ್ತ್ರ ಮಡಿಸಿದಳು. “ಬೇಜಾರಾಯ್ತಾ, ನಾಯಿ ಅಂದಿದ್ದಕ್ಕೆ?”

“ಹೂಂ.”

“ಅಂದಿದ್ದಕ್ಕಾ, ಎಲ್ಲರೆದುರಿಗೆ ಅಂದಿದ್ದಕ್ಕಾ?”

ಅವನು ಯೋಚಿಸಿದ. “ಆ ಕನ್ನಡಕ ನಕ್ಕಿದ್ದಕ್ಕೆ.”

ಅಕ್ಕ ಮಡಿಲಲ್ಲಿದ್ದ ಕನ್ನಡಕವನ್ನು ಎತ್ತಿ, ಗಾಜಿನ ಮೇಲೆ ತನ್ನ ಕಪ್ಪು ಹೆಬ್ಬೆರಳನ್ನು ನಿಧಾನವಾಗಿ ಒತ್ತಿ, ಮತ್ತೆ ಮಡಿಲಿಗೆ ಇಟ್ಟುಕೊಂಡಳು. “ತಗೋ, ಲೆಕ್ಕ ಚುಕ್ತಾ” ಎಂದಳು.

ಆಫೀಸಿನವರು ತೊಯ್ದ ಬಟ್ಟೆಯಲ್ಲಿ ಬಂದರು. ಕನ್ನಡಕದವನು ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಇದೇನ್ರೀ, ನನ್ನ ಒಂದು ಕಣ್ಣು ಹೋಯ್ತಾ?” ಎಂದ. ಅಕ್ಕ, ಕಿಡಿ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಹಡಗಿನ ಸಾಲು ಮುಂದೆ ಸರಿಯುತ್ತಿತ್ತು. ಹಡಗಿಗೆ ಹತ್ತಲು ಕಬ್ಬಿಣದ ಮೆಟ್ಟಿಲು. ಕುರ್ಚಿ ಹೋಗುವುದಿಲ್ಲ, ಎತ್ತಿಯೇ ಒಯ್ಯಬೇಕು. ಕಿಡಿ ತೋಳು ಮಡಿಸತೊಡಗಿದ. ಮನೆಯಲ್ಲಿ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಆಟೋಗೆ, ಅವಳನ್ನು ಎತ್ತುವವನು ಅವನೇ; ಅವಳ ತೂಕ ಅವನ ಬೆನ್ನಿಗೆ ಬಾಯಿಪಾಠ. ಅಕ್ಕ ಅವನ ತೋಳು ಮುಟ್ಟಿದಳು.

“ನೀನು ಬೇಡ. ಇವರು ಎತ್ತಲಿ.”

“ಇವರಿಗೆ ಬರುತ್ತಾ?”

“ಹೇಳಿಕೊಡ್ತೀನಿ. ನೀನು ಮೇಲಕ್ಕೂ ಬರಬೇಡ ಕಣೋ. ಪಕ್ಕದಲ್ಲಿ ನೀನಿದ್ರೆ ನನ್ನ ಭುಜ ಹಿಡ್ಕೊಂಡೇ ಕೂತಿರ್ತೀಯ. ನನಗೆ ಜೋರಾಗಿ ಕಿರುಚ್ಬೇಕು.”

ಅವಳು ಕನ್ನಡಕದವನಿಗೂ, ಅವರಲ್ಲಿ ಎತ್ತರದವಳೊಬ್ಬಳಿಗೂ ಹೇಳಿಕೊಡತೊಡಗಿದಳು. ನೀವು ಹಿಂದಿನಿಂದ ಕಂಕುಳಲ್ಲಿ ಕೈ ಹಾಕಿ, ಬೆರಳು ಹೆಣೆದುಕೊಳ್ಳಿ, ನಾಚ್ಕೋಬೇಡಿ, ನಾಚಿದ್ರೆ ಬೀಳೋಳು ನಾನು. ನೀನು ಮಂಡಿ ಕೆಳಗೆ. ನಾನು ಹೂಂ ಅಂದಾಗ ಎತ್ತಿ, ಅದಕ್ಕಿಂತ ಮೊದಲು ಬೇಡ. ಕನ್ನಡಕದವನು ಪರೀಕ್ಷೆಗೆ ಕೂತವನ ಹಾಗೆ ಒಂದೊಂದಕ್ಕೂ ತಲೆಯಾಡಿಸಿದ. ಅವನ ಕಿವಿಯೂ ಕೆಂಪಾದದ್ದು ಕಿಡಿಗೆ ಕಂಡಿತು. ಅದನ್ನು ನೋಡಿ ಅವನ ಮೇಲಿದ್ದ ಕೋಪ ಎಲ್ಲೋ ಜಾರಿಹೋಯಿತು, ಹುಡುಕಿದರೂ ಸಿಗಲಿಲ್ಲ.

ಅವರ ಸರದಿ ಬಂತು. ಅಕ್ಕ ಹೂಂ ಅಂದಳು, ಅವರು ಎತ್ತಿದರು, ಕಿಡಿ ಖಾಲಿ ಕುರ್ಚಿಯನ್ನು ಹಡಗಿನ ಕಡೆಗೆ ಮುಖ ಮಾಡಿ ನಿಲ್ಲಿಸಿ ಎರಡೂ ಬ್ರೇಕು ಒತ್ತಿದ.